ಕೊಟ್ಟವರ ವಸ್ತು, ಪಡೆದವರ ವಸ್ತು



ನಾಡು ಹಸಿದಿದ್ದ ಕಾಲವನ್ನು, ಕೈಯಲ್ಲಿ ಕಾಸಿಲ್ಲದ ಕಾಲವನ್ನು ನೆನೆಯಲು ನಮ್ಮ ಸಂಗ್ರಹಾಲಯಗಳಲ್ಲಿ ಏನನ್ನು ಇಡಬೇಕು? ಜಿಲ್ಲೆ ಜಿಲ್ಲೆಗಳ ವಸ್ತುಸಂಗ್ರಹಾಲಯಗಳವರು ಸೇರಿರುವ ಈ ಸಮ್ಮೇಳನ ಎತ್ತಿಕೊಂಡಿರುವ ಪ್ರಶ್ನೆ ಇದು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಈಗಿನ ಕೆಂಪು ಕಟ್ಟಡ ಬಂದದ್ದು 1877ರ ಸುಮಾರಿಗೆ. ಆ ಇಸವಿಯನ್ನು ನಾವು ಬರೀ ಕಟ್ಟಡದ ಇಸವಿಯಾಗಿ ಓದುತ್ತೇವೆ. ಮೈಸೂರು ಸೀಮೆಯ ರೈತರಿಗೆ ಅದು ಧಾತು, ಈಶ್ವರ ಸಂವತ್ಸರಗಳ ಬರಗಾಲ. 1871ರ ಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರ ಗಣತಿಯ ಹೊತ್ತಿಗೆ 42 ಲಕ್ಷದ ಆಸುಪಾಸು. ಬ್ರಿಟಿಷರಿಂದ ಒಡೆಯರಿಗೆ ರಾಜ್ಯ ಮರಳಿ ಬಂದದ್ದು ಅದೇ 1881ರಲ್ಲಿ, ಬರದ ದೊಡ್ಡ ಸಾಲದ ಹೊರೆಯೊಂದಿಗೆ. ಆ ಕಟ್ಟಡದೊಳಗೆ ಬೇಗೂರಿನ ವೀರಗಲ್ಲಿದೆ, ಹೊಯ್ಸಳರ ಶಿಲ್ಪಗಳಿವೆ. ಗೋಡೆ ಏಳುತ್ತಿದ್ದ ಕಾಲದಲ್ಲಿ ಗಂಜಿ ಕೇಂದ್ರದ ಮುಂದೆ ನಿಂತಿದ್ದವರ ಕೈಯ ಒಂದು ಬಟ್ಟಲನ್ನು, ಇದೇ ಅದು ಎಂದು ಗುರುತಿಸಿ ಇಟ್ಟಿರುವುದನ್ನು ನಮ್ಮ ನಾಡಿನ ಯಾವ ಸಂಗ್ರಹಾಲಯದಲ್ಲೂ ನಾನು ಕಂಡಿಲ್ಲ.

ಕಾರಣ ತಿಳಿಯುವುದು ಕಷ್ಟವಲ್ಲ. ಬರ ಬಂದಾಗ ಮೊದಲು ಮೈಮೇಲಿನ ಬೆಳ್ಳಿ ಹೋಗುತ್ತದೆ, ಆಮೇಲೆ ಹಿತ್ತಾಳೆ ಪಾತ್ರೆ, ಆಮೇಲೆ ಎತ್ತು, ನೇಗಿಲು. ಕೊನೆಗೆ ಬಾಗಿಲು, ಸೂರಿನ ಮರ. ಹಸಿದವರ ಮನೆಯಲ್ಲಿ ನಮಗಾಗಿ ಏನೂ ಉಳಿಯುವುದಿಲ್ಲ. ಉಳಿಯುವುದು ಕೊಟ್ಟವರ ಕಡೆಯದು: ಅಧಿಕಾರಿಗಳ ವರದಿ, ಆಯೋಗದ ಸಂಪುಟ, ಅಳೆದ ಮಾಪು, ತೆಗೆದ ಛಾಯಾಚಿತ್ರ. ಪರಿಹಾರ ಕಾಮಗಾರಿಯ ಕೂಲಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದು ದಾಖಲೆಯಲ್ಲಿ ಭದ್ರವಾಗಿದೆ. ಆ ಒಂದು ಪೌಂಡನ್ನು ಮಡಿಲಲ್ಲಿ ಕಟ್ಟಿಕೊಂಡು ಹೋದವಳ ಸೆರಗು ಇಲ್ಲ. ಆಯ್ಕೆ ಮಾಡುವವರು ಮೊದಲು ಒಪ್ಪಿಕೊಳ್ಳಬೇಕಾದ ಸತ್ಯ ಇದು. ಕಣ್ಣಿಗೆ ಬಿದ್ದುದನ್ನೆಲ್ಲ ತಂದಿಟ್ಟರೆ ಕಷ್ಟದ ಕಾಲದ ಚರಿತ್ರೆ ತಾನಾಗಿಯೇ ದಾನ ಕೊಟ್ಟವರ ಚರಿತ್ರೆಯಾಗಿಬಿಡುತ್ತದೆ.

ಛಾಯಾಚಿತ್ರಗಳ ವಿಷಯದಲ್ಲಿ ನನ್ನ ನಿಲುವು ಕಠಿಣ. 1876–78ರ ಕ್ಷಾಮದಲ್ಲಿ ವಿಲೋಬಿ ವಾಲೇಸ್ ಹೂಪರ್ ಎಂಬ ಸೇನಾಧಿಕಾರಿ ಮದ್ರಾಸ್ ಪ್ರಾಂತ್ಯದ ಹಸಿದವರನ್ನು ಗುಂಪಾಗಿ ಕೂರಿಸಿ ಚಿತ್ರ ತೆಗೆದ. ಎಲುಬು ಎಣಿಸಬಹುದಾದ ಆ ದೇಹಗಳನ್ನು ಲೋಕವೆಲ್ಲ ನೋಡಿದೆ. ಅವರಲ್ಲಿ ಒಬ್ಬರ ಹೆಸರೂ ನಮಗೆ ಬಂದಿಲ್ಲ. ಆ ಚಿತ್ರಗಳು ದಾಖಲೆಯಾಗಿ ಇರಲಿ, ಕೇಳಿದ ಸಂಶೋಧಕರಿಗೆ ಸಿಗಲಿ. ಗೋಡೆಯ ತುಂಬ ದೊಡ್ಡದು ಮಾಡಿ ತೂಗುಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಬದುಕಿದ್ದಾಗ ಒಪ್ಪಿಗೆ ಕೇಳದೆ ಕೂರಿಸಿದವರನ್ನು ನಾವು ಮತ್ತೆ ಕೂರಿಸಬಾರದು. ಬರದಲ್ಲಿ ಜನ ಆಯ್ದು ತಿಂದ ಹುಣಸೆ ಬೀಜ, ಬಿದಿರಕ್ಕಿ ಇವನ್ನು ಒಂದೊಂದು ಬೋಗುಣಿಯಲ್ಲಿಟ್ಟು, ಹೇಗೆ ಹುರಿಯುತ್ತಿದ್ದರು, ಹೇಗೆ ಕುಟ್ಟುತ್ತಿದ್ದರು ಎಂದು ಬರೆದರೆ ನೋಡುವವರಿಗೆ ಹಸಿವು ತಿಳಿಯುತ್ತದೆ. ಆ ಜನರ ಜಾಣ್ಮೆಯೂ ತಿಳಿಯುತ್ತದೆ.

ಹಾಗಾದರೆ ಪಡೆದವರ ದನಿ ಎಲ್ಲೂ ಇಲ್ಲವೇ? ಐರ್ಲೆಂಡಿನ ಸ್ಟ್ರೋಕ್ಸ್‌ಟೌನ್‌ನಲ್ಲಿ 1994ರಲ್ಲಿ ತೆರೆದ ಕ್ಷಾಮ ಸಂಗ್ರಹಾಲಯದ ಆಧಾರವೇ ಜಮೀನುದಾರರ ಕಚೇರಿಯಲ್ಲಿ ಉಳಿದಿದ್ದ ಕಾಗದಗಳು. ಅವುಗಳ ನಡುವೆ 1846ರಲ್ಲಿ ಕ್ಲೂನಹೀ ಎಂಬಲ್ಲಿನ ಗೇಣಿದಾರರು ಕೆಲಸ ಕೊಡಿ, ನಮ್ಮ ಮನೆಯವರು ಹಸಿದಿದ್ದಾರೆ ಎಂದು ಬರೆದುಕೊಂಡ ಅರ್ಜಿಯಿತ್ತು. ಧಣಿಯ ಪೆಟ್ಟಿಗೆಯೊಳಗೇ ಒಕ್ಕಲಿನ ಮಾತು. ನಮ್ಮ ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿ, ಹಳೆಯ ಪಟೇಲ, ಶಾನುಭೋಗರ ಮನೆಯ ಅಟ್ಟಗಳಲ್ಲಿ ಅಂಥ ಅರ್ಜಿಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಹುಡುಕುವವರು ಬೇಕು.

ಆದರೆ ಈ ಸಮ್ಮೇಳನ ತನ್ನ ಶಕ್ತಿಯನ್ನೆಲ್ಲ ಹಾಕಬೇಕಾದದ್ದು ನಮಗೆ ಹತ್ತಿರದ ಕಾಲಕ್ಕೆ, 1960 ಮತ್ತು 70ರ ದಶಕಗಳಿಗೆ ಎಂದು ನನ್ನ ಖಚಿತ ಅಭಿಪ್ರಾಯ. ಆ ಕಾಲವನ್ನು ಉಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಕೇಳಿಕೊಂಡಾಗ ಸೋಮವಾರ ಸಂಜೆ ಒಲೆ ಹಚ್ಚದಿದ್ದ ಮನೆಗಳಿದ್ದವು. ಎರಡು ವರ್ಷ ಒಂದರ ಹಿಂದೊಂದು ಮಳೆ ಹೋಯಿತು. 1966ರಲ್ಲಿ ದೇಶ ತರಿಸಿಕೊಂಡ ಆಹಾರಧಾನ್ಯ ಸುಮಾರು ಒಂದು ಕೋಟಿ ಟನ್, ಅದರ ಬಹುಪಾಲು ಪಿ.ಎಲ್. 480 ಒಪ್ಪಂದದ ಅಮೆರಿಕದ ಧಾನ್ಯ. ಅದೇ ವರ್ಷ ಜೂನ್ 6ರಂದು ರೂಪಾಯಿಯ ಬೆಲೆ ಇಳಿದು, ಡಾಲರಿಗೆ 4.76 ಇದ್ದದ್ದು 7.50 ಆಯಿತು. ಇದನ್ನೆಲ್ಲ ಪಠ್ಯಪುಸ್ತಕ ಹೇಳುತ್ತದೆ. ಮುದ್ದೆ, ರೊಟ್ಟಿ, ಅನ್ನದ ನಾಡಿನಲ್ಲಿ ಗೋಧಿಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತ ಅಡುಗೆಮನೆಯನ್ನು ಯಾರು ಹೇಳಬೇಕು? ಅದು ನಮ್ಮ ಕೆಲಸ.

ಆ ಕಾಲಕ್ಕೆ ಒಂದೇ ವಸ್ತು ಆರಿಸಿ ಎಂದರೆ ನಾನು ರೇಷನ್ ಕಾರ್ಡನ್ನು ಆರಿಸುತ್ತೇನೆ, ಅದೂ ಅಂಚು ಸವೆದು, ನಡುವೆ ದಾರ ಹಾಕಿ ಹೊಲಿದದ್ದನ್ನು. ಹೊಸದಾಗಿ, ಖಾಲಿಯಾಗಿ ಕಚೇರಿಯಲ್ಲಿ ಉಳಿದ ಕಾರ್ಡು ನಮಗೆ ಬೇಡ. ಬಳಸಿದ ಕಾರ್ಡಿನಲ್ಲಿ ಒಂದು ಸಂಸಾರದ ಕತೆಯಿದೆ. ಸಕ್ಕರೆ, ಗೋಧಿ, ಸೀಮೆಎಣ್ಣೆಯ ಅಂಕಣಗಳಲ್ಲಿ ಯಾವ ತಿಂಗಳು ಖಾಲಿ? ಅಂಗಡಿಯಲ್ಲಿ ಮಾಲು ಬರಲಿಲ್ಲವೋ, ಈ ಮನೆಯಲ್ಲಿ ದುಡ್ಡಿರಲಿಲ್ಲವೋ? ಮಗಳ ಹೆಸರು ಹೊಡೆದುಹಾಕಿದ್ದು ಯಾವ ವರ್ಷ, ಅಜ್ಜಿಯ ಹೆಸರು ಹೊಡೆದುಹಾಕಿದ್ದು ಯಾವ ವರ್ಷ? ಕಾರ್ಡಿನ ಪಕ್ಕದಲ್ಲಿ ಅಂಗಡಿಯ ಸೀಮೆಎಣ್ಣೆ ಲೀಟರನ್ನೂ ಇಡಿ. ಅಳೆದವರ ಪಾತ್ರೆ, ಅಳೆಸಿಕೊಂಡವರ ಕಾರ್ಡು ಎರಡೂ ಒಟ್ಟಿಗೆ ಇದ್ದಾಗಲೇ ವ್ಯವಹಾರ ಕಾಣುವುದು.

ಆಮೇಲೆ ಚೀಲ. ಕೈಕೈ ಹಿಡಿದ ಮುದ್ರೆಯಿದ್ದ ಅಮೆರಿಕದ ಧಾನ್ಯದ ಚೀಲಗಳು ನಮ್ಮ ಹಳ್ಳಿಗಳಲ್ಲಿ ಖಾಲಿಯಾದ ಮೇಲೂ ವರ್ಷಗಟ್ಟಲೆ ಬದುಕಿದವು. ಹಾಸಿಗೆಯಾದವು, ಬಚ್ಚಲಿನ ಪರದೆಯಾದವು, ಮಳೆಗೆ ಗೊಪ್ಪೆಯಾದವು. ಹೊಸ ಚೀಲ ಕೊಟ್ಟ ದೇಶದ ಮಾತು ಆಡುತ್ತದೆ, ಹರಿದು ಹೊಲಿದದ್ದು ಪಡೆದವರ ಮಾತು ಆಡುತ್ತದೆ.

ಉತ್ತರ ಕರ್ನಾಟಕದ ಕೌದಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಜಾನಪದ ಕಲೆ ಎಂದು ಅದನ್ನು ಗೋಡೆಗೆ ಹಾಕುತ್ತೇವೆ, ಬಣ್ಣಗಳ ಹೊಂದಾಣಿಕೆಯನ್ನು ಹೊಗಳುತ್ತೇವೆ. ಹೊಗಳಿಕೆಗೆ ಅದು ಅರ್ಹವೇ. ಆದರೆ ಕೌದಿಯ ಚರಿತ್ರೆ ಇರುವುದು ಒಳಪದರದಲ್ಲಿ. ಮೇಲೆ ಗಟ್ಟಿಯಾದ ತುಂಡು, ಒಳಗೆ ಉಡಲಾಗದಷ್ಟು ಜೀರ್ಣವಾದ ಸೀರೆ, ಧೋತರ, ಕೂಸಿನ ಕುಲಾವಿ. 1972ರ ಬರದಲ್ಲಿ ಜಲ್ಲಿ ಒಡೆಯಲು ಹೋದವಳು ಉಟ್ಟ ಸೀರೆ ಇನ್ನೂ ಎಲ್ಲಾದರೂ ಇದ್ದರೆ ಯಾವುದೋ ಕೌದಿಯ ಹೊಟ್ಟೆಯಲ್ಲಿ ಇರಬೇಕು. ಆದ್ದರಿಂದ ಸಂರಕ್ಷಣಾ ವಿಭಾಗದ ಗೆಳೆಯರಲ್ಲಿ ನನ್ನ ವಿನಂತಿ: ತಂದ ಕೂಡಲೇ ತೊಳೆಯಬೇಡಿ. ಹುಳ ಹಿಡಿಯದಂತೆ ನೋಡಿಕೊಳ್ಳಿ, ಧೂಳು ತೆಗೆಯಿರಿ, ಸಾಕು. ಹೊಗೆಯ ಕಮಟು, ಎಣ್ಣೆಯ ಕಲೆ ಹೋದರೆ ಅದು ಬರೀ ಚೆಂದದ ಬಟ್ಟೆ. ಹೊಲಿದವರು ಬದುಕಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ತುಂಡು ಯಾರದು ಎಂದು ಕೇಳಿ ಬರೆದುಕೊಳ್ಳಿ.

ಹಿತ್ತಾಳೆ, ತಾಮ್ರದ ಪಾತ್ರೆಗಳ ವಿಷಯದಲ್ಲೂ ನಾವು ತಲೆಕೆಳಗಾಗಿ ನಡೆದಿದ್ದೇವೆ. ಹಳೆ ಪಾತ್ರೆ ಮಾರುವ ಅಂಗಡಿಗಳಿಂದ ತಂದು, ಹುಣಸೆಹಣ್ಣು ಹಾಕಿ ತಿಕ್ಕಿ, ಹಳ್ಳಿಯ ಸಿರಿ ಎಂದು ಸಾಲಾಗಿ ಜೋಡಿಸಿಟ್ಟಿದ್ದೇವೆ. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿರುವ ಆ ಕೊಡ ಅಂಗಡಿಗೆ ಬಂದದ್ದಾದರೂ ಹೇಗೆ? ತವರಿನವರು ಮಗಳ ಹೆಸರು ಹಾಕಿಸಿ ಕೊಟ್ಟ ಕೊಡವನ್ನು ಸುಖದ ದಿನದಲ್ಲಿ ಯಾರೂ ಮಾರುವುದಿಲ್ಲ. ಅದು ಮನೆ ಬಿಟ್ಟ ದಿನ ಅದರ ಜಾಗಕ್ಕೆ ಬಂದದ್ದು ಅಲ್ಯುಮಿನಿಯಂ. ತಳ ನಗ್ಗಿದ ಅಲ್ಯುಮಿನಿಯಂ ತಟ್ಟೆಗೆ ನಮ್ಮ ಯಾವ ಗಾಜಿನ ಪೆಟ್ಟಿಗೆಯಲ್ಲೂ ಜಾಗವಿಲ್ಲ, ಹಳತಲ್ಲ ಎಂದು, ಅಂದವಿಲ್ಲ ಎಂದು. ಆ ದಶಕಗಳ ನಿಜವಾದ ಲೋಹ ಅದು. ಕೊಡದ ಪಕ್ಕದಲ್ಲಿ ಅದನ್ನು ಇಡಿ, ನಡುವೆ ಗಿರವಿ ಅಂಗಡಿಯ ಚೀಟಿ ಇಡಿ. ದೇವರಾಜ ಅರಸರ ಸರ್ಕಾರ 1976ರಲ್ಲಿ ತಂದ ಋಣಪರಿಹಾರ ಕಾಯಿದೆಯಿಂದ ಬಡವರ ಒತ್ತೆ ವಸ್ತುಗಳು ಹಿಂದಿರುಗಬೇಕೆಂದಾಯಿತು. ಹಾಗೆ ಮನೆಗೆ ಮರಳಿದ ಒಂದೇ ಒಂದು ಪಾತ್ರೆಯನ್ನು, ಮರಳಿ ಪಡೆದವರ ಮಾತಿನೊಂದಿಗೆ ಯಾರಾದರೂ ಹುಡುಕಿ ತಂದರೆ, ಆ ಸಂಗ್ರಹಾಲಯಕ್ಕೆ ನಾನು ಖುದ್ದಾಗಿ ಬಂದು ಕೈಮುಗಿಯುತ್ತೇನೆ.

ಕೊಡಲು ಜನ ಹಿಂಜರಿಯುತ್ತಾರೆ, ಅದನ್ನೂ ಹೇಳಬೇಕು. ಕಷ್ಟ ಪಟ್ಟದ್ದನ್ನು ಮಕ್ಕಳು ಮರಿಗಳ ಮುಂದೆ, ಊರಿನ ಮುಂದೆ ಇಡುವುದೆಂದರೆ ಮನೆಯ ಮರ್ಯಾದೆಯ ಪ್ರಶ್ನೆ. ಒತ್ತಾಯ ಮಾಡಬೇಡಿ. ಹೆಸರು ಬೇಡವೆಂದರೆ ಹೆಸರು ಬೇಡ. ಊರು ಬೇಡವೆಂದರೆ ತಾಲ್ಲೂಕು ಸಾಕು. ವಸ್ತುವನ್ನು ಕೊಡಲಾರೆವು ಎಂದರೆ ಚಿತ್ರ ತೆಗೆದುಕೊಂಡು ಮಾತನ್ನು ದಾಖಲಿಸಿಕೊಂಡು ಬನ್ನಿ. ನಮ್ಮ ದಾಖಲಾತಿ ಪುಸ್ತಕದಲ್ಲಿ ವಸ್ತು, ಅಳತೆ, ಲೋಹ, ಕಾಲ ಎಂದು ಕಲಮುಗಳಿವೆ. ಕೊಟ್ಟವರು ಏನೆಂದರು ಎಂಬುದಕ್ಕೆ ಕಲಮಿಲ್ಲ. ಈ ಸಮ್ಮೇಳನದ ಮೊದಲ ಠರಾವು ಆ ಒಂದು ಕಲಮನ್ನು ಸೇರಿಸುವುದಾಗಲಿ.

ಕೊನೆಯದಾಗಿ, ಕಾಲ ಕಳೆದ ಮೇಲೆ ಹುಡುಕುವ ಚಾಳಿಯನ್ನು ಬಿಡಬೇಕು. ಸ್ವೀಡನ್ನಿನ ಸಂಗ್ರಹಾಲಯಗಳು 1977ರಲ್ಲೇ ಸಾಮ್‌ಡೋಕ್ ಎಂಬ ಒಕ್ಕೂಟ ಕಟ್ಟಿಕೊಂಡು, ನಡೆಯುತ್ತಿರುವ ಬದುಕನ್ನೇ ದಾಖಲಿಸುವ ಕೆಲಸ ಹಂಚಿಕೊಂಡವು. ನಮಗೆ 2020 ಇನ್ನೂ ದೂರವಾಗಿಲ್ಲ. ಕೋವಿಡ್ ಕಾರಣಕ್ಕೆ ಮಾರ್ಚ್ 25ರಿಂದ ದೇಶ ಬಾಗಿಲು ಹಾಕಿದಾಗ ಬೆಂಗಳೂರಿನ ಕಟ್ಟಡ ಕೆಲಸಗಳಿಂದ ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಗೆ ಜನ ಗಂಟುಮೂಟೆ ಹೊತ್ತು ಹೊರಟರು. ಹಂಚಿದವರ ಭಾವಚಿತ್ರ ಅಚ್ಚಾಗಿದ್ದ ಆಹಾರದ ಚೀಲಗಳು ನಮಗೆ ಸುಲಭವಾಗಿ ಸಿಗುತ್ತವೆ, ಇನ್ನೂ ಬಹಳ ಕಾಲ ಸಿಗುತ್ತವೆ. ನಡೆದು ಸವೆದ ಚಪ್ಪಲಿ, ಗುತ್ತಿಗೆದಾರ ಕೊಡದೆ ಉಳಿಸಿಕೊಂಡ ಕೂಲಿಯನ್ನು ಗೀಚಿಟ್ಟ ಕಿಸೆಪುಸ್ತಕ ಇವು ಈಗಲೇ ಅಪರೂಪ. ಮಧ್ಯಾಹ್ನದ ಗೋಷ್ಠಿ ಮುಗಿಯುವುದರೊಳಗೆ ಆ ಮೂರು ಜಿಲ್ಲೆಗಳ ಊರುಗಳಿಗೆ ಯಾರು ಹೋಗುತ್ತಾರೆ, ಯಾವಾಗ ಹೋಗುತ್ತಾರೆ ಎಂದು ನಾವು ಬರೆದುಕೊಂಡು ಏಳೋಣ. ನನ್ನ ಹೆಸರನ್ನು ಆ ಪಟ್ಟಿಯಲ್ಲಿ ಈಗಲೇ ಸೇರಿಸಿಕೊಳ್ಳಿ.