ಬೋರ್ಡೋ ದ್ರಾವಣದ ತಯಾರಿಕೆಯಲ್ಲಿ ವಹಿಸತಕ್ಕ ಎಚ್ಚರಿಕೆ



ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವು ಮದ್ದೆಂಬುದನ್ನು ಮಲೆನಾಡಿನ ತೋಟಗಾರರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಪರಿಶೋಧಿಸಿ, ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಪದ್ಧತಿಗೆ ಬದಲಾಗಿ ಸಿಂಪಡಿಕೆಯನ್ನು ಬಳಕೆಗೆ ತಂದರು. ಈ ಮದ್ದಿನ ಹುಟ್ಟು ಫ್ರಾನ್ಸ್ ದೇಶದಲ್ಲಿ. ಅಲ್ಲಿ ದಾರಿಯ ಬದಿಯ ದ್ರಾಕ್ಷಿಯನ್ನು ಕಳ್ಳರು ಮುಟ್ಟದಿರಲೆಂದು ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿ ಎರಚುತ್ತಿದ್ದರು. ಅದರ ರೋಗನಾಶಕ ಗುಣವನ್ನು ಮಿಲಾರ್ಡೆ ಎಂಬ ವಿದ್ವಾಂಸರು 1885ರಲ್ಲಿ ಪ್ರಕಟಿಸಿದರು. ಹೆದರಿಸುವುದಕ್ಕೆಂದೇ ಬಳಸಿದ ವಸ್ತುವಿಗೆ ಈಗ ಹೆದರುವವರಿಲ್ಲದಿರುವುದು ವಿಚಿತ್ರವೇ ಸರಿ.

ಶೇಕಡ 1ರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಅಪಾಯವು ಮೊದಲು ಸುಣ್ಣದಿಂದಲೇ ಒದಗುವುದು. ಸುಟ್ಟ ಸುಣ್ಣವು ನೀರು ತಾಗಿದೊಡನೆ ಕುದಿದು ಸಿಡಿಯುವುದು. ಸುಣ್ಣದ ಮೇಲೆ ನೀರನ್ನು ಸುರಿಯಕೂಡದು. ಅಗಲವಾದ ಪಾತ್ರೆಯ ನೀರಿಗೆ ಸುಣ್ಣವನ್ನೇ ಸ್ವಲ್ಪಸ್ವಲ್ಪವಾಗಿ ಹಾಕಿ, ಮುಖವನ್ನು ದೂರವಿಟ್ಟು, ಉದ್ದನೆಯ ಕೋಲಿನಿಂದ ಕದಡತಕ್ಕದ್ದು. ಕಣ್ಣಿಗೆ ಮುಚ್ಚಿದ ಕನ್ನಡಕವೂ ಕೈಗೆ ರಬ್ಬರಿನ ಚೀಲವೂ ಇರಲೇಬೇಕು. ಕಣ್ಣಿಗೆ ಸುಣ್ಣ ಸಿಡಿದರೆ ಉಜ್ಜಬಾರದು, ಎಣ್ಣೆ ಬಿಡಬಾರದು. ಆ ಕ್ಷಣವೇ ರೆಪ್ಪೆಗಳನ್ನು ಬಿಡಿಸಿ ಶುದ್ಧವಾದ ನೀರನ್ನು ಅರ್ಧ ಗಂಟೆಯವರೆಗೆ ಹರಿಯಬಿಟ್ಟು, ಅನಂತರ ವೈದ್ಯರಲ್ಲಿಗೆ ಕರೆದೊಯ್ಯಬೇಕು. ವೈದ್ಯರಲ್ಲಿಗೆ ಹೋಗುವ ಅವಸರದಲ್ಲಿ ತೊಳೆಯುವುದನ್ನು ಬಿಟ್ಟರೆ ದೃಷ್ಟಿಯೇ ಹೋಗಬಹುದು. ಆದುದರಿಂದ ಸುಣ್ಣವನ್ನು ಬಿಚ್ಚುವುದಕ್ಕೆ ಮೊದಲೇ ಎರಡು ಕೊಡ ಒಳ್ಳೆಯ ನೀರನ್ನು ಪಕ್ಕದಲ್ಲಿ ಇರಿಸಿಕೊಳ್ಳುವುದು ಲೇಸು.

ಮೈಲುತುತ್ತವು ನೀಲಿಯ ಕಲ್ಲುಸಕ್ಕರೆಯಂತೆ ಹೊಳೆದು ಮಕ್ಕಳ ಮನಸ್ಸನ್ನು ಸೆಳೆಯುವುದು. ಹೊಟ್ಟೆಗೆ ಹೋದರೆ ಯಕೃತ್ತೂ ಮೂತ್ರಪಿಂಡಗಳೂ ಕೆಟ್ಟು ಪ್ರಾಣಕ್ಕೆ ಅಪಾಯವುಂಟು. ನುಂಗಿದವರಿಗೆ ಬಲಾತ್ಕಾರವಾಗಿ ವಾಂತಿ ಮಾಡಿಸದೆ ಕೂಡಲೆ ಆಸ್ಪತ್ರೆಗೆ ಸೇರಿಸಬೇಕು. ಇದನ್ನು ಬೀಗದೊಳಗೆ ಇಡತಕ್ಕದ್ದು. ಕರಗಿಸಿದ ಪಾತ್ರೆಯನ್ನು ಅಡಿಗೆಗೆ ತರಕೂಡದು. ಕಬ್ಬಿಣದ ಪಾತ್ರೆಯೂ ಸಲ್ಲದು, ತಾಮ್ರವು ಅದಕ್ಕೆ ಹತ್ತಿ ಮದ್ದಿನ ಸತ್ವ ಕೆಡುವುದು. ಎರಡು ದ್ರಾವಣಗಳೂ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಬೆರೆಸಿ, ಹೊಳೆಯುವ ಚೂರಿಯೊಂದನ್ನು ಅದ್ದಿ ನೋಡುವುದು. ಚೂರಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು.

ಇನ್ನು ಮರದ ಮೇಲಿರುವ ಕೊನೆಗಾರನ ವಿಚಾರ. ಸಿಂಪಡಿಸಿದ ತುಂತುರು ಅವನ ಮುಖಕ್ಕೇ ಮರಳಿ ಬೀಳುವುದು. ಪೋರ್ಚುಗಲ್ ದೇಶದಲ್ಲಿ ವರ್ಷಗಟ್ಟಲೆ ಇದೇ ದ್ರಾವಣವನ್ನು ದ್ರಾಕ್ಷಿಗೆ ಸಿಂಪಡಿಸಿದ ಕೂಲಿಗಾರರ ಶ್ವಾಸಕೋಶಗಳಲ್ಲಿ ತಾಮ್ರವು ಸೇರಿ ಗಂಟುಗಳಾಗಿದ್ದುದನ್ನು ವೈದ್ಯರು 1969ರಲ್ಲಿ ವರ್ಣಿಸಿದರು. ಅಂಗವಸ್ತ್ರವನ್ನು ಮೂಗಿಗೆ ಸುತ್ತಿಕೊಂಡರೆ ಸಾಲದು. ನೆನೆದ ಬಟ್ಟೆಯು ಮದ್ದನ್ನು ಚರ್ಮಕ್ಕೇ ಅಂಟಿಸಿಡುವುದು. ಸರಿಯಾದ ಮುಖಕವಚವನ್ನೂ ಕನ್ನಡಕವನ್ನೂ ತೋಟದ ಯಜಮಾನನೇ ಒದಗಿಸತಕ್ಕದ್ದು. ಕೂಲಿಗೆ ಬಂದವನು ತಾನೇ ತರಲಿ ಎಂಬುದು ನ್ಯಾಯವಲ್ಲ. ಒಂದು ಮರದ ಅಡಕೆಯ ಲೆಕ್ಕ ಹಾಕುವವರು ಆ ಮರವನ್ನು ಹತ್ತುವವನ ಉಸಿರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಾಳಿಗೆ ಎದುರಾಗಿ ಸಿಂಪಡಿಸಕೂಡದು. ಕೈ ಮುಖ ತೊಳೆಯದೆ ಎಲೆಯಡಕೆ ಹಾಕಕೂಡದು.

ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಿದರೆ ಮೀನುಗಳು ಸಾಯುವುವು. ಸಿಂಪಡಿಸಿದ ತೋಟದ ಹುಲ್ಲಿಗೆ ಕುರಿಗಳನ್ನು ಬಿಡದಿರುವುದು ಮೇಲು. ತಾಮ್ರದ ವಿಷವು ಕುರಿಗೆ ಬೇರೆ ದನಕರುಗಳಿಗಿಂತ ಬೇಗ ತಾಗುವುದು.