ಎಲ್ಲಕ್ಕೂ ಒಂದೇ ಕೀಲಿ ಬೇಡ



ಸಾಫ್ಟ್‌ವೇರ್ ಬರೆಯುವವರಿಗೆ ಸೋರ್ಸ್ ಕೋಡ್ ಎಂಬುದೇ ಬಂಡವಾಳ. ಹತ್ತು ಜನ ಕೂಡಿ ಬರೆಯುವಾಗ ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರು ಎಂಬ ದಾಖಲೆ ಬೇಕು. ತಪ್ಪಾದರೆ ಹಿಂದಿನ ಪ್ರತಿಗೆ ಮರಳುವ ದಾರಿಯೂ ಬೇಕು. ಶುಲ್ಕ ಪಡೆದು ಈ ಕೆಲಸವನ್ನು ನಡೆಸಿಕೊಡುವ ಸಂಸ್ಥೆಗಳಿವೆ.

ಅಂಥದ್ದೊಂದು ಸಂಸ್ಥೆ ಕೋಡ್ ಸ್ಪೇಸಸ್. ಅದು ಗ್ರಾಹಕರ ಕೋಡನ್ನು ಅಮೆಜಾನ್‌ನ ಬಾಡಿಗೆ ಸರ್ವರ್‌ಗಳಲ್ಲಿ ಇಟ್ಟಿತ್ತು. 2014ರ ಜೂನ್‌ನಲ್ಲಿ ಯಾರೋ ದುಷ್ಕರ್ಮಿಗಳು ಆ ಖಾತೆಯೊಳಗೆ ನುಗ್ಗಿ ಹಣ ಕೇಳಿದರು. ಸಂಸ್ಥೆಯವರು ಖಾತೆಯನ್ನು ಮರಳಿ ಹಿಡಿತಕ್ಕೆ ತರಲು ಯತ್ನಿಸಿದಾಗ, ಒಳಗಿದ್ದದ್ದನ್ನೆಲ್ಲ ಅಳಿಸತೊಡಗಿದರು. ಹಾಗಾದರೆ ಬ್ಯಾಕಪ್ ಇರಲಿಲ್ಲವೇ? ಇತ್ತು. ಆದರೆ ಅದರ ಬಹುಭಾಗವೂ ಅದರೊಂದಿಗೇ ಹೋಯಿತು. ಸಂಸ್ಥೆ ಬಾಗಿಲು ಮುಚ್ಚಿತು. ನಂಬಿ ಕೋಡ್ ಒಪ್ಪಿಸಿದ್ದ ತಂಡಗಳು ಉಳಿದದ್ದನ್ನು ಆರಿಸಿಕೊಳ್ಳಬೇಕಾಯಿತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಸಬ್‌ವರ್ಷನ್ ಎಂಬ ಹಳೆಯ ವ್ಯವಸ್ಥೆಯಲ್ಲಿ ತಿದ್ದುಪಡಿಗಳ ಇತಿಹಾಸ ಸರ್ವರ್‌ನಲ್ಲಿರುತ್ತದೆ. ಕೆಲಸ ಮಾಡುವವರ ಬಳಿ ಒಂದು ಪ್ರತಿ ಮಾತ್ರ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ ಗಿಟ್‌ನಲ್ಲಾದರೋ, ಸಾಮಾನ್ಯವಾಗಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ಣ ಇತಿಹಾಸವೇ ಇರುತ್ತದೆ. ಸರ್ವರ್ ಹೋದರೂ ಕೋಡ್ ಉಳಿಯಬಹುದು. ಆದರೆ ದೋಷಗಳ ಪಟ್ಟಿ, ಸಹೋದ್ಯೋಗಿಗಳ ಚರ್ಚೆ ಇವು ಬಹುತೇಕ ಸೇವಾಸಂಸ್ಥೆಯಲ್ಲೇ ಉಳಿಯುತ್ತವೆ.

ಈ ವೃತ್ತಿಗೆ ಹೊರಟಿರುವ ಯುವಕ ಯುವತಿಯರೇ, ಸೇವೆಯನ್ನು ಧಾರಾಳವಾಗಿ ಬಳಸಿ. ಆದರೆ ಇನ್ನೊಂದು ಪ್ರತಿಯನ್ನು ಬೇರೆ ಕಡೆ, ಬೇರೆ ಪಾಸ್‌ವರ್ಡಿನಡಿ ಇಡಿ. ಆಗಾಗ ಅದನ್ನು ತೆರೆದು ನೋಡಿ. ತೆರೆಯಲಾಗದ ಪ್ರತಿ ಇದ್ದೂ ಇಲ್ಲದಂತೆ. ಸೇವೆಗೆ ಹಣ ಕೊಟ್ಟ ಮಾತ್ರಕ್ಕೆ ಕಾಪಾಡುವ ಹೊಣೆ ನಮ್ಮಿಂದ ಇಳಿಯುವುದಿಲ್ಲ.