ತಲೆ ಸುತ್ತಿನ ಬೇರು ಕಿವಿಯಲ್ಲಿ

ತಲೆ ಸುತ್ತು ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಬರುವ ಮಾತು, "ಪಿತ್ತ ಕೆರಳಿರಬೇಕು, ಒಂದು ಲೋಟ ನಿಂಬೆ ಪಾನಕ ಕುಡಿದು ಮಲಗು" ಅಂತ. ಬಿಸಿಲಲ್ಲಿ ದುಡಿದು ಬಂದ ಒಂದು ದಿನದ ಬವಳಿಗೆ ಅಷ್ಟು ಸಾಕಾಗಬಹುದು. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಸುತ್ತಿನ ಮೂಲ ಎಷ್ಟೋ ವೇಳೆ ಹೊಟ್ಟೆಯಲ್ಲಿಲ್ಲ, ಕಿವಿಯೊಳಗಿದೆ.

ಮಲೆನಾಡಿನ ಕೊನೆಗಾರರೊಬ್ಬರು ನನ್ನಲ್ಲಿಗೆ ಬಂದಿದ್ದರು. ವಯಸ್ಸು ಐವತ್ತು ದಾಟಿತ್ತು. ಅಡಿಕೆ ಮರ ಹತ್ತಿಯೇ ಸಂಸಾರ ಸಾಕಿದವರು. "ತಲೆ ಎತ್ತಿ ಕೊನೆ ನೋಡಿದ್ರೆ ಸಾಕು ಡಾಕ್ಟ್ರೇ, ತೋಟವೇ ಗಿರ್ರನೆ ತಿರುಗ್ತದೆ. ರಾತ್ರಿ ಮಗ್ಗುಲು ಬದಲಾಯಿಸಿದ್ರೂ ಅದೇ" ಎಂದರು. ಮರ ಹತ್ತುವುದು ನಿಂತಿತ್ತು. ಹಳ್ಳದ ಸಂಕ ದಾಟಲು ಹೆದರಿಕೆ. ಗೋಡೆಗೆ ಒರಗಿ ಕುಳಿತೇ ನಿದ್ದೆ. ಜ್ವರವಿಲ್ಲ, ಗಾಯವಿಲ್ಲ, ನೋಡುವವರ ಕಣ್ಣಿಗೆ ಏನೂ ಕಾಣದು. ಹೀಗಾಗಿ ಮಗನೇ ಮೈಗಳ್ಳತನ ಎಂದ. ಊರವರು ಕುಡಿತ ಎಂದರು. ಹೆಂಡತಿ ಮಾತ್ರ, ಸುತ್ತು ಬಂದಾಗ ಗಂಡನ ಕಣ್ಣುಗುಡ್ಡೆ ಪಟಪಟನೆ ಅದುರುವುದನ್ನು ಗಮನಿಸಿದ್ದರು. ಇದು ನಾಟಕವಲ್ಲ ಎಂದು ಬಸ್ಸು ಹತ್ತಿಸಿ ಕರೆತಂದರು. ಕಣ್ಣುಗುಡ್ಡೆಯ ಆ ಅದುರಾಟವೇ ನಾವು ವೈದ್ಯರೂ ಹುಡುಕುವ ಗುರುತು.

ಕಿವಿ ಇರುವುದು ಕೇಳುವುದಕ್ಕೆ ಮಾತ್ರವಲ್ಲ. ಒಳಗಿವಿಯಲ್ಲಿ ಬಳೆಯ ಚೂರಿನಂತೆ ಬಾಗಿದ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ನೀರಿನಂಥ ದ್ರವ. ತುಂಬಿದ ಕೊಡವನ್ನು ಗರ್ರನೆ ತಿರುಗಿಸಿ ಹಿಡಿದು ನಿಲ್ಲಿಸಿ ನೋಡಿ. ಕೊಡ ನಿಂತರೂ ಒಳಗಿನ ನೀರು ತಿರುಗುತ್ತಲೇ ಇರುತ್ತದೆ. ಮಕ್ಕಳು ಕೈ ಕೈ ಹಿಡಿದು ಸುತ್ತಿ ನಿಂತಾಗ ಭೂಮಿ ತಿರುಗುವಂತೆ ಕಾಣುವುದೂ ಹೀಗೆಯೇ. ಈ ನಾಳಗಳ ಪಕ್ಕದ ಚೀಲದಲ್ಲಿ ಸುಣ್ಣದ ಅತಿ ಸಣ್ಣ ಹರಳುಗಳಿವೆ. ವಯಸ್ಸಾದಂತೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಕಳಚಿ ನಾಳದೊಳಗೆ ಜಾರುತ್ತವೆ. ತಲೆ ತಿರುಗಿಸಿದಾಗ ಅವು ಉರುಳಿ ದ್ರವವನ್ನು ನೂಕುತ್ತವೆ. ಸುತ್ತು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಹೆದರಿಕೆ ಮಾತ್ರ ದಿನವೆಲ್ಲ ಉಳಿಯುತ್ತದೆ.

ಇದಕ್ಕೆ ಸಾಮಾನ್ಯವಾಗಿ ಕತ್ತರಿ ಬೇಡ, ಮಾತ್ರೆಯೂ ಬೇಡ. ಅಮೆರಿಕದ ಎಪ್ಲೆ ಎಂಬ ಕಿವಿ ವೈದ್ಯರು 1992ರಲ್ಲಿ ಪ್ರಕಟಿಸಿದ ಉಪಾಯವೊಂದಿದೆ. ರೋಗಿಯನ್ನು ಮಲಗಿಸಿ, ತಲೆಯನ್ನು ಹಂತ ಹಂತವಾಗಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೊರಳಿಸಿ, ಎಬ್ಬಿಸಿ ಕೂರಿಸುತ್ತಾರೆ. ಹರಳು ಉರುಳುತ್ತ ತನ್ನ ಚೀಲಕ್ಕೆ ಮರಳುತ್ತದೆ. ಕೆಲವೇ ನಿಮಿಷಗಳ ಕೆಲಸ. ಯಾವ ಕಿವಿ, ಯಾವ ನಾಳ ಎಂದು ಮೊದಲು ತಿಳಿಯಬೇಕಾದ್ದರಿಂದ ಕಿವಿಯ ಡಾಕ್ಟರರೇ ಮಾಡಲಿ. ನೆರೆಮನೆಯವರ ಕೈಗೆ ಕುತ್ತಿಗೆ ಕೊಡಬೇಡಿ. ನಮ್ಮ ಕೊನೆಗಾರರಿಗೆ ಎರಡು ಸಲ ಮಾಡಬೇಕಾಯಿತು.

ಎಲ್ಲ ಸುತ್ತೂ ಹರಳಿನದಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತ, ಕೇಳುವುದು ಮಂದವಾಗಿ, ಗಂಟೆಗಟ್ಟಲೆ ಸುತ್ತು ವಾಂತಿ ಕಾಡಿದರೆ ಅದು ಬೇರೆ ರೋಗ, ಚಿಕಿತ್ಸೆಯೂ ಬೇರೆ. ಸೋರುವ ಕಿವಿಯವರಿಗೆ ಸುತ್ತು ಶುರುವಾದರೆ ಎಣ್ಣೆ ಕಾಯಿಸಿ ಹುಯ್ಯದೆ ಅಂದೇ ಹೊರಡಿ. ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ ಅದು ಮಿದುಳಿನ ತೊಂದರೆ ಇರಬಹುದು, ಬೆಳಗಾಗಲೆಂದು ಕಾಯಬಾರದು. ಅಂಗಡಿಯಿಂದ ಸುತ್ತಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅದು ಕೆಲವು ದಿನಗಳ ಮಟ್ಟಿಗೆ ಸರಿ. ಬಹಳ ದಿನ ನುಂಗಿದರೆ ಮೈ ತಾನಾಗಿ ಮತ್ತೆ ತೂಕ ಹಿಡಿಯುವುದು ತಡವಾಗುತ್ತದೆ.

ವಾಸಿಯಾಗುವ ತನಕ ಮರ, ಬಾವಿಕಟ್ಟೆ, ಟ್ರಾಕ್ಟರು, ಮೇವು ಕತ್ತರಿಸುವ ಯಂತ್ರ ಬೇಡ. ಬಚ್ಚಲಿನ ದಾರಿಯಲ್ಲಿ ರಾತ್ರಿ ದೀಪವಿರಲಿ. ಕತ್ತಲಲ್ಲಿ ಕಣ್ಣಿನ ಆಸರೆ ತಪ್ಪಿದರೆ ಕಾಲು ತಡವರಿಸುತ್ತದೆ. ಹಾಗೆಂದು ಹಾಸಿಗೆಗೇ ಕಟ್ಟಿಹಾಕಬೇಡಿ. ಹಗಲು ಅಂಗಳದಲ್ಲಿ ಜೊತೆಗಿದ್ದು ನಡೆಸಿ.

ಕೊನೆಗಾರರು ಮತ್ತೆ ಮರ ಹತ್ತಿದರು. ಮರುವರ್ಷ ಕೊಯ್ಲಿಗೆ ಮುಂಚೆ ಸುತ್ತು ಮರುಕಳಿಸಿತು. ಈ ರೋಗದ ಸ್ವಭಾವವೇ ಹಾಗೆ. ಈ ಸಲ ಜೊತೆಗೆ ಬಂದವನು ಮಗ. "ಬಲಮಗ್ಗುಲಿಗೆ ಹೊರಳಿದಾಗ ಮಾತ್ರ ಬರ್ತದೆ ಡಾಕ್ಟ್ರೇ, ನಾನು ರಾತ್ರಿ ಪಕ್ಕದಲ್ಲೇ ಕೂತು ನೋಡಿದೀನಿ" ಎಂದ.